ಅಣಕು ವಹಿವಾಟಿನ ಆ್ಯಪ್ ಮತ್ತು ನನ್ನ ನೋಟ್‌ಬುಕ್‌ನ ನಾಲ್ಕು ಕಾಲಂ

ಹನುಮಂತನಗರದಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಷಟರ್ ಎತ್ತುತ್ತೇನೆ, ಒಂಬತ್ತೂಕಾಲಕ್ಕೆ ಷೇರುಪೇಟೆ ತೆರೆಯುತ್ತದೆ. ಪಕ್ಕದ ಕ್ಲಿನಿಕ್‌ಗೆ ಡಾಕ್ಟರು ಬರುವುದು ಸಂಜೆ ಆರಕ್ಕೆ. ನಡುವಿನ ಹೊತ್ತಿನಲ್ಲಿ ಬರುವವರೆಂದರೆ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳುವ ಖಾಯಂ ಗಿರಾಕಿಗಳು, ತಲೆನೋವಿಗೆ ಒಂದೇ ಒಂದು ಗುಳಿಗೆ ಕೇಳುವ ಆಟೊ ಚಾಲಕರು, ಡೈಪರ್ ಬೆಲೆ ವಿಚಾರಿಸಿ ಏನೂ ಕೊಳ್ಳದೆ ಹೋಗುವ ತಾತಂದಿರು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ ಮೊಬೈಲ್ ನೋಡಲು ಬೇಕಾದಷ್ಟು ಬಿಡುವು. ಇಷ್ಟು ಹೇಳಿದರೆ ಮುಂದಿನದು ಯಾರಿಗಾದರೂ ಗೊತ್ತಾಗುತ್ತದೆ.

2024ರ ಜನವರಿಯಲ್ಲಿ ವರ್ಷಕ್ಕೆ 2,999 ರೂಪಾಯಿ ಕೊಟ್ಟು ಒಂದು ಪೇಪರ್ ಟ್ರೇಡಿಂಗ್, ಅಂದರೆ ಅಣಕು ವಹಿವಾಟಿನ ಆ್ಯಪ್‌ಗೆ ಚಂದಾದಾರನಾದೆ. ಹೆಸರು ಬರೆಯುವುದಿಲ್ಲ. ಅದೇ ಜಾತಿಯ ಇನ್ನೂ ಮೂರು ಆ್ಯಪ್‌ಗಳನ್ನು ಉಚಿತ ಅವಧಿಯಲ್ಲಿ ನೋಡಿದ್ದೇನೆ, ನಾನು ಇಲ್ಲಿ ದೂರುವ ದೋಷಗಳು ಸ್ವಲ್ಪ ಹೆಚ್ಚುಕಡಿಮೆಯಾಗಿ ಎಲ್ಲದರಲ್ಲೂ ಇದ್ದವು. ಒಂದರ ಹೆಸರು ಹಾಕಿದರೆ ಉಳಿದವುಗಳಿಗೆ ಪುಕ್ಕಟೆ ಜಾಹೀರಾತು ಕೊಟ್ಟಂತಾಗುತ್ತದೆ.

ಆ್ಯಪ್ ಮಾಡುವ ಕೆಲಸ ಸರಳ. ಹೊಸ ಖಾತೆ ತೆರೆದ ಕೂಡಲೇ 10 ಲಕ್ಷ ರೂಪಾಯಿ ಸುಳ್ಳು ಹಣ ಕೊಡುತ್ತದೆ. ಪೇಟೆಯ ಬೆಲೆಗಳು ಪರದೆಯ ಮೇಲೆ ಕುಣಿಯುತ್ತಿರುತ್ತವೆ. ಕೊಳ್ಳಬಹುದು, ಮಾರಬಹುದು, ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡು ಎಂಬ ಆರ್ಡರ್) ಹಾಕಬಹುದು. ಸಂಜೆ ಲಾಭನಷ್ಟದ ಪಟ್ಟಿ ಬರುತ್ತದೆ. ಜೊತೆಗೆ ಹಳೆಯ ದಿನಗಳನ್ನು ಮತ್ತೆ ಓಡಿಸಿ ನೋಡುವ ಇನ್ನೊಂದು ವಿಭಾಗವಿದೆ. ಭಾನುವಾರ ಸಂಜೆ ಕುಳಿತು ಹೋದ ವರ್ಷದ ಯಾವುದೋ ಮಂಗಳವಾರವನ್ನು ಐದೈದು ನಿಮಿಷದ ಬೆಲೆಯ ಏರಿಳಿತ ತೋರಿಸುವ ಕ್ಯಾಂಡಲ್‌ಗಳಾಗಿ ಓಡಿಸಬಹುದು. ಈ ವಿಭಾಗ ಚೆನ್ನಾಗಿದೆ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಹೊಗಳಬೇಕಾದದ್ದನ್ನು ಹೊಗಳಿಬಿಡುತ್ತೇನೆ. ನಾನು ಮೊದಲು ಪ್ರಯೋಗಿಸಿದ ಎರಡು ಸೂತ್ರಗಳು ಈ ಆ್ಯಪ್‌ನಲ್ಲಿ ಮೂರೇ ವಾರದಲ್ಲಿ ನೆಲಕಚ್ಚಿದವು. ಒಂದು, ಯಾವುದೋ ವಿಡಿಯೊದಲ್ಲಿ ನೋಡಿದ ಮೊದಲ ಹದಿನೈದು ನಿಮಿಷದ ಸೂತ್ರ. ಇನ್ನೊಂದು ನನ್ನದೇ ಬುದ್ಧಿ, ಅದರ ವಿವರ ಹೇಳಲು ನಾಚಿಕೆಯಾಗುತ್ತದೆ. ಶುಲ್ಕವಿಲ್ಲ, ಸರತಿಯಿಲ್ಲ, ಭಯವಿಲ್ಲ; ಎಲ್ಲ ಅನುಕೂಲ ಮಾಡಿಕೊಟ್ಟ ಆಟದಲ್ಲಿಯೇ ಸೋತ ಸೂತ್ರ ನಿಜದ ಪೇಟೆಯಲ್ಲಿ ಗೆಲ್ಲುವುದುಂಟೇ? 2,999 ರೂಪಾಯಿಯ ಅಷ್ಟೂ ಬೆಲೆ ಅಲ್ಲಿಯೇ ವಸೂಲಾಯಿತು ಎನ್ನಬಹುದು. ಅಲ್ಲಿಗೆ ನಿಲ್ಲಿಸಿದ್ದರೆ ಈ ವಿಮರ್ಶೆಯನ್ನು ಐದು ನಕ್ಷತ್ರ ಕೊಟ್ಟು ಮುಗಿಸುತ್ತಿದ್ದೆ.

ಆದರೆ ಮೂರನೆಯ ಸೂತ್ರ ಗೆದ್ದಿತು. ಐದು ನಿಮಿಷದ ಚಾರ್ಟಿನಲ್ಲಿ ಬೆಲೆ 20 ಕ್ಯಾಂಡಲ್‌ಗಳ ಸರಾಸರಿ ಗೆರೆಯನ್ನು ಕೆಳಗಿನಿಂದ ದಾಟಬೇಕು. ದಾಟಿ ಮೇಲೆ ಹೋಗಿ ಮತ್ತೆ ಗೆರೆಯ ಹತ್ತಿರಕ್ಕೆ ಇಳಿದಾಗ ಲಿಮಿಟ್ ಆರ್ಡರ್ (ಇಷ್ಟು ಬೆಲೆಗೆ, ಇಲ್ಲವೇ ಅದಕ್ಕಿಂತ ಕಡಿಮೆಗೆ ಮಾತ್ರ ಕೊಳ್ಳು ಎಂಬ ಆರ್ಡರ್) ಹಾಕಿ ಕೊಳ್ಳಬೇಕು. ಒಂದು ಪಾಲು ನಷ್ಟಕ್ಕೆ ಸ್ಟಾಪ್‌ಲಾಸ್, ಎರಡು ಪಾಲು ಲಾಭಕ್ಕೆ ಗುರಿ. ಹೊಸದೇನೂ ಅಲ್ಲ. ಪ್ರತಿ ಸಲ ಸುಮಾರು ಒಂದು ಲಕ್ಷ ರೂಪಾಯಿ ಮೌಲ್ಯದ ಷೇರು, ಪ್ರತಿ ಸಲ ಹೆಚ್ಚುಕಡಿಮೆ 500 ರೂಪಾಯಿಯ ಪಣ. ಏಪ್ರಿಲ್ ಮೊದಲ ವಾರದ ಹೊತ್ತಿಗೆ 118 ವಹಿವಾಟು, 31,400 ರೂಪಾಯಿ ಲಾಭ. ಆ್ಯಪ್‌ನ ವಿಜೇತರ ಪಟ್ಟಿಯಲ್ಲಿ ಒಂದು ವಾರ 14ನೆಯ ಸ್ಥಾನ ಸಿಕ್ಕಿತು. ಅದರ ಚಿತ್ರ ತೆಗೆದು ಭಾವಮೈದುನನಿಗೆ ಕಳುಹಿಸಿದ್ದೂ ನಿಜ.

ಈ ವಿಜೇತರ ಪಟ್ಟಿಯ ಗುಟ್ಟು ಆಮೇಲೆ ತಿಳಿಯಿತು. ಖಾತೆಯಲ್ಲಿ ‘ಮೊದಲಿನಿಂದ ಆರಂಭಿಸಿ’ ಎಂಬ ಗುಂಡಿ ಇದೆ. ಒತ್ತಿದರೆ ಸೋತದ್ದೆಲ್ಲ ಅಳಿಸಿಹೋಗಿ 10 ಲಕ್ಷ ಮತ್ತೆ ಬರುತ್ತದೆ. ನಾನೂ ಮೊದಲ ಎರಡು ಸೂತ್ರಗಳ ನಂತರ ಒತ್ತಿದ್ದೆ. ಪಟ್ಟಿಯಲ್ಲಿ ನನಗಿಂತ ಮೇಲಿದ್ದ ಹದಿಮೂರು ಜನರು ಎಷ್ಟು ಸಲ ಒತ್ತಿದ್ದರೋ ದೇವರೇ ಬಲ್ಲ.

ನಿಜವಾದ ಹಣಕ್ಕೆ ಇಳಿಯುವಾಗ ಒಂದು ಒಳ್ಳೆಯ ಕೆಲಸ ಮಾಡಿದೆ, ಅದೊಂದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ: ಆ್ಯಪ್ ಬಿಡಲಿಲ್ಲ. ಏಪ್ರಿಲ್ ಮಧ್ಯದಿಂದ ಜೂನ್ ಕೊನೆಯವರೆಗೆ ಎರಡನ್ನೂ ಜೊತೆಜೊತೆಗೆ ನಡೆಸಿದೆ. ಬಿಲ್ಲಿಂಗ್ ಯಂತ್ರದ ಎಡಕ್ಕೆ ಹಳೆಯ ಮೊಬೈಲ್, ಅದರಲ್ಲಿ ಅಣಕು. ಬಲಕ್ಕೆ ಹೊಸ ಮೊಬೈಲ್, ಅದರಲ್ಲಿ ಬ್ರೋಕರ್ ಖಾತೆ, ಮನೆಯವಳಿಗೆ ಹೇಳಿ ಎತ್ತಿಟ್ಟ 40,000 ರೂಪಾಯಿ. ಇಂಟ್ರಾಡೇ, ಅಂದರೆ ಅಂದೇ ಕೊಂಡು ಅಂದೇ ಮಾರುವ ವಹಿವಾಟಿಗೆ ಷೇರಿನ ಮೌಲ್ಯದ ಐದನೆಯ ಒಂದು ಭಾಗ ಇದ್ದರೆ ಸಾಕು, ಹಾಗಾಗಿ ಒಂದು ಲಕ್ಷದ ವಹಿವಾಟಿಗೆ ತೊಂದರೆಯಿರಲಿಲ್ಲ. ಅದೇ ಷೇರು, ಅದೇ ಸಂಖ್ಯೆ, ಅದೇ ಬೆಲೆಗೆ ಎರಡೂ ಕಡೆ ಆರ್ಡರ್. ಒಟ್ಟು 74 ಸಲ.

ಆ್ಯಪ್‌ನ ಲೆಕ್ಕದಲ್ಲಿ 11,800 ರೂಪಾಯಿ ಲಾಭ. ಬ್ರೋಕರ್‌ನ ಲೆಕ್ಕದಲ್ಲಿ 17,250 ರೂಪಾಯಿ ನಷ್ಟ. ನಡುವಿನ ಅಂತರ 29,050. ಅಂಗಡಿಯ ಸ್ಟಾಕ್‌ನಲ್ಲಿ ಒಂದು ಸ್ಟ್ರಿಪ್ ಕಡಿಮೆ ಬಂದರೂ ಹುಡುಕದೆ ಮಲಗುವವನಲ್ಲ ನಾನು. ಆ 29,050 ಎಲ್ಲಿ ಹೋಯಿತು ಎಂದು ದಿನದಿನವೂ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ನಾಲ್ಕು ಕಾಲಂ ಇದ್ದವು: ಕೂಲಿ, ಸಿಗದ್ದು, ಜಾರಿದ್ದು, ಕೈ.

‘ಕೂಲಿ’ಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೂಡಿಸುವುದು ಬಂದವರಿಗೆಲ್ಲ ಗೊತ್ತಾಗುವ ವಿಷಯ. ಒಂದು ಲಕ್ಷಕ್ಕೆ ಕೊಂಡು 300 ರೂಪಾಯಿ ಹೆಚ್ಚಿಗೆ ಮಾರಿದಿರಿ ಎನ್ನೋಣ. ಬ್ರೋಕರೇಜ್, ಅಂದರೆ ಬ್ರೋಕರ್‌ನ ಕಮಿಷನ್, ಎರಡು ಕಡೆಗೆ ತಲಾ 20ರಂತೆ 40. ಮಾರುವ ಕಡೆ ಶೇ 0.025ರ ವಹಿವಾಟು ತೆರಿಗೆ, ಅಂದರೆ 25; ಕೊಳ್ಳುವ ಕಡೆ ಮುದ್ರಾಂಕ ಶುಲ್ಕ 3; ಷೇರು ವಿನಿಮಯ ಕೇಂದ್ರದ ಶುಲ್ಕ ಆರೇಳು ರೂಪಾಯಿ; ಬ್ರೋಕರೇಜ್ ಮತ್ತು ಕೇಂದ್ರದ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ. ಎಲ್ಲ ಸೇರಿ ಸುಮಾರು 83 ರೂಪಾಯಿ. ನಿಮ್ಮ 300ರಲ್ಲಿ ಉಳಿಯುವುದು 217. ಸೋತರೂ 83 ಕೊಡಲೇಬೇಕು. ಆ್ಯಪ್ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಶುಲ್ಕ ಸೇರಿಸಿ’ ಎಂಬ ಆಯ್ಕೆಯೊಂದು ಸೆಟ್ಟಿಂಗ್‌ಗಳ ಮೂರನೆಯ ಪುಟದಲ್ಲಿ ಅಡಗಿ ಕುಳಿತಿತ್ತು. ಅದನ್ನು ತೆರೆದು ನೋಡಿದರೆ ಬ್ರೋಕರೇಜ್ ಮಾತ್ರ ಸೇರುತ್ತಿತ್ತು, ತೆರಿಗೆಗಳು ಇಲ್ಲ. ನನ್ನ ನೋಟ್‌ಬುಕ್‌ನಲ್ಲಿ ಈ ಕಾಲಂನ ಮೊತ್ತ 5,400.

‘ಸಿಗದ್ದು’ ಎಂಬ ಕಾಲಂ ಮೊದಲ ವಾರ ನನ್ನ ನೋಟ್‌ಬುಕ್‌ನಲ್ಲಿ ಇರಲಿಲ್ಲ. ಎರಡನೆಯ ವಾರ ಗೆರೆ ಎಳೆದು ಸೇರಿಸಬೇಕಾಯಿತು.

ಆದದ್ದು ಹೀಗೆ. ಒಂದು ಷೇರಿಗೆ 412.50ರಲ್ಲಿ ಎರಡೂ ಮೊಬೈಲ್‌ನಲ್ಲಿ ಲಿಮಿಟ್ ಆರ್ಡರ್ ಹಾಕಿದೆ. ಬೆಲೆ ಇಳಿಯುತ್ತಾ ಬಂದು 412.50ನ್ನು ಮುಟ್ಟಿತು. ಎಡಗಡೆಯ ಮೊಬೈಲ್ ಹಸಿರು ಬಣ್ಣದಲ್ಲಿ ‘ಆರ್ಡರ್ ಪೂರ್ಣ’ ಎಂದಿತು. ಬಲಗಡೆಯದು ಮಾತನಾಡಲಿಲ್ಲ. ಬೆಲೆ 412.50ರಲ್ಲಿ ಕೆಲವು ಕ್ಷಣ ನಿಂತು, 412.80, 413.20, 414 ಎಂದು ಏರುತ್ತಾ ಹೋಯಿತು. ಎಡಗಡೆಯವನು ಗೆದ್ದ. ಬಲಗಡೆಯವನು ಷೇರೇ ಸಿಗದೆ ಕುಳಿತಿದ್ದ.

ನಿಜದ ಪೇಟೆಯಲ್ಲಿ ಒಂದೇ ಬೆಲೆಗೆ ಕೇಳುವವರು ಸರತಿಯಲ್ಲಿ ನಿಲ್ಲುತ್ತಾರೆ. ಬೆಲೆ ಒಳ್ಳೆಯದಿದ್ದವರಿಗೆ ಮೊದಲು, ಅದೇ ಬೆಲೆಯಾದರೆ ಮೊದಲು ಬಂದವರಿಗೆ ಮೊದಲು. 412.50ಕ್ಕೆ ನನಗಿಂತ ಮುಂದೆ 9,000 ಷೇರು ಕೇಳಿ ನಿಂತವರಿದ್ದರೆ, ಆ ಬೆಲೆಗೆ ಮಾರುವವರು 6,000 ಷೇರು ತಂದರೆ, ನನಗೆ ಬರುವುದು ಸೊನ್ನೆ. ಆ್ಯಪ್‌ಗೆ ಸರತಿ ಗೊತ್ತಿಲ್ಲ. ಆ ಬೆಲೆಗೆ ಎಲ್ಲಿಯೋ ಒಂದು ಷೇರು ಕೈಬದಲಾಯಿಸಿದರೆ ಸಾಕು, ನಿನಗೂ ಸಿಕ್ಕಿತು ಎನ್ನುತ್ತದೆ. ಇ-ಮೇಲ್ ಬರೆದು ಕೇಳಿದಾಗ ಗ್ರಾಹಕ ಸೇವೆಯವರು ಒಪ್ಪಿಕೊಂಡರು: ಕೊನೆಯ ವಹಿವಾಟಿನ ಬೆಲೆ ನಿಮ್ಮ ಬೆಲೆಯನ್ನು ಮುಟ್ಟಿದರೆ ಆರ್ಡರ್ ಪೂರ್ಣವಾಗುತ್ತದೆ. ಉತ್ತರ ಎರಡೇ ದಿನದಲ್ಲಿ ಬಂತು, ಸಭ್ಯವಾಗಿತ್ತು. ಆ ಮಟ್ಟಿಗೆ ಸೇವೆ ಚೆನ್ನಾಗಿದೆ.

ಇಷ್ಟೇ ಆಗಿದ್ದರೆ, ಹೋಗಲಿ, ಒಂಬತ್ತು ಸಲ ಸಿಗಲಿಲ್ಲ, ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನಬಹುದಿತ್ತು. ಹಾಗಲ್ಲ ಎಂದು ತಿಳಿದದ್ದು ಆ ಒಂಬತ್ತನ್ನು ಒಟ್ಟಿಗೆ ಬರೆದು ನೋಡಿದಾಗ. ಒಂಬತ್ತರಲ್ಲಿ ಏಳು, ಆ್ಯಪ್‌ನಲ್ಲಿ ಗೆದ್ದ ವಹಿವಾಟುಗಳು! ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ಬೆಲೆಯನ್ನು ಬರೀ ಮುಟ್ಟಿ ಮೇಲೇರಿದ ಷೇರು ನನಗೆ ಸಿಗುವುದಿಲ್ಲ. ನನ್ನ ಬೆಲೆಯನ್ನು ಸೀಳಿಕೊಂಡು ಕೆಳಗೆ ಬಿದ್ದ ಷೇರು ಮಾತ್ರ ತಪ್ಪದೆ, ಪೂರ್ತಿಯಾಗಿ, ಒಂದೂ ಕಡಿಮೆಯಿಲ್ಲದೆ ಸಿಗುತ್ತದೆ.

ಇದನ್ನು ನಾನು ಅಂಗಡಿಯಲ್ಲಿ ಇಪ್ಪತ್ತು ವರ್ಷ ನೋಡಿದವನು. ಚೆನ್ನಾಗಿ ಓಡುವ ಮಾತ್ರೆಗೆ ಹತ್ತಕ್ಕೆ ಎರಡು ಉಚಿತ ಎಂಬ ಸ್ಕೀಮ್ ಬಂದರೆ, ನಮ್ಮ ಬಡಾವಣೆಗೆ ವಿತರಕರ ಹುಡುಗ ಬರುವ ಹೊತ್ತಿಗೆ ಸ್ಟಾಕ್ ಮುಗಿದಿರುತ್ತದೆ. ಅವಧಿ ಮುಗಿಯಲು ಎರಡೇ ತಿಂಗಳಿರುವ ಕೆಮ್ಮಿನ ಸಿರಪ್ ಆದರೆ, ಎಷ್ಟು ಪೆಟ್ಟಿಗೆ ಬೇಕು ಸಾರ್, ಈಗಲೇ ಇಳಿಸುತ್ತೇನೆ. ಕೇಳಿದ್ದೆಲ್ಲ ಕೇಳಿದ ದರಕ್ಕೆ ಸಿಕ್ಕಿತು ಎಂದು ಲೆಕ್ಕ ಬರೆದರೆ ನನ್ನ ಅಂಗಡಿಯೂ ಕಾಗದದ ಮೇಲೆ ಭಾರಿ ಲಾಭದಲ್ಲಿರುತ್ತದೆ. ಇಷ್ಟು ಗೊತ್ತಿದ್ದವನು ಮೂರು ತಿಂಗಳು ಆ ಹಸಿರು ಬಣ್ಣವನ್ನು ನಂಬಿದೆನಲ್ಲ!

ನಮ್ಮಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳುವ ಒಬ್ಬ ಹಿರಿಯರಿದ್ದಾರೆ. ಜೆ.ಸಿ. ರಸ್ತೆಯಲ್ಲಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರದಲ್ಲಿ ಒಬ್ಬ ದಲ್ಲಾಳಿಯ ಗುಮಾಸ್ತರಾಗಿದ್ದವರು. 1963ರಲ್ಲಿ ಆರಂಭವಾಗಿ 2014ರಲ್ಲಿ ಮುಚ್ಚಿದ ಕೇಂದ್ರ ಅದು. ನಮ್ಮ ಊರಿನಲ್ಲಿ ಅಂಥದ್ದೊಂದು ಇತ್ತೆಂಬುದೇ ಈಗ ಮೊಬೈಲ್‌ನಲ್ಲಿ ವ್ಯಾಪಾರ ಮಾಡುವ ಹುಡುಗರಿಗೆ ಗೊತ್ತಿಲ್ಲ. ಎರಡು ಮೊಬೈಲ್ ನೋಡಿ ಏನಿದು ಎಂದು ಕೇಳಿದರು. ವಿವರಿಸಿದೆ. ‘ಕಂಪ್ಯೂಟರ್ ಬರುವ ಮೊದಲು ನಾವು ಬೆಲೆ ಕೂಗುತ್ತಿದ್ದೆವು. ಎದುರಿನವನು ಕೈ ಎತ್ತುವವರೆಗೆ ಅದು ಬೆಲೆಯಲ್ಲ, ಬರೀ ಕೂಗು’ ಎಂದರು. ಆಮೇಲೆ ಮಾತ್ರೆಗೆ ಶೇ 10 ರಿಯಾಯಿತಿ ಕೇಳಿದರು. ಕೊಟ್ಟೆ.

ಈ ಕಾಲಂನ ಮೊತ್ತ 5,900.

‘ಜಾರಿದ್ದು’ ಎಂದರೆ, ಷೇರು ಸಿಕ್ಕಿತು ಅಥವಾ ಮಾರಾಟವಾಯಿತು, ಆದರೆ ಅಂದುಕೊಂಡ ಬೆಲೆಗಲ್ಲ. ಪರದೆಯ ಮೇಲೆ ಕಾಣುವುದು ಒಂದೇ ಬೆಲೆಯಾದರೂ ಪೇಟೆಯಲ್ಲಿ ಯಾವಾಗಲೂ ಎರಡು ಇರುತ್ತವೆ: ಕೊಳ್ಳುವವನು ಕೊಡುವುದು, ಮಾರುವವನು ಕೇಳುವುದು. ಸ್ಟಾಪ್‌ಲಾಸ್ ಮುಟ್ಟಿ ಅವಸರದಲ್ಲಿ ಮಾರುವವನಿಗೆ ಸಿಗುವುದು ಕೆಳಗಿನದು. ಸಾಮಾನ್ಯ ದಿನಗಳಲ್ಲಿ ಪ್ರತಿ ವಹಿವಾಟಿಗೆ 60, 70 ರೂಪಾಯಿ ಹೀಗೆ ಜಾರುತ್ತಿತ್ತು. ಪಣವೇ 500 ಎಂದಮೇಲೆ ಅದು ಸಣ್ಣದೇನಲ್ಲ.

ಸಾಮಾನ್ಯವಲ್ಲದ ದಿನವೆಂದರೆ 2024ರ ಜೂನ್ 4. ಲೋಕಸಭೆ ಚುನಾವಣೆಯ ಮತ ಎಣಿಕೆ. ಹಿಂದಿನ ದಿನ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಶೇ 3ಕ್ಕಿಂತ ಹೆಚ್ಚು ಏರಿತ್ತು. ಅಂದು 1,379 ಅಂಶ, ಶೇ 6ರ ಹತ್ತಿರ ಕುಸಿಯಿತು. ಸರ್ಕಾರಿ ಬ್ಯಾಂಕುಗಳ ಷೇರುಗಳು ಅದಕ್ಕಿಂತಲೂ ಆಳಕ್ಕೆ ಹೋದವು. ಬುದ್ಧಿಯಿದ್ದವರು ಅಂದು ಸುಮ್ಮನಿದ್ದರು. ನಾನು, ಸೂತ್ರ ಎಂದರೆ ಸೂತ್ರ ಎಂದುಕೊಂಡು, ಅಂಥದ್ದೇ ಒಂದು ಬ್ಯಾಂಕಿನ 120 ಷೇರುಗಳನ್ನು, ಸ್ವಲ್ಪ ಚೇತರಿಸಿಕೊಂಡಂತೆ ಕಂಡ ಒಂದು ಗಳಿಗೆಯಲ್ಲಿ, 830ಕ್ಕೆ ಕೊಂಡೆ. ಸ್ಟಾಪ್‌ಲಾಸ್ 822ಕ್ಕೆ, ಅಂದರೆ ಮಾಮೂಲಿಗಿಂತ ಹೆಚ್ಚಿನ ಪಣ. ಬೆಲೆ ಸಿಕ್ಕಾಪಟ್ಟೆ ಕೆಳಗೆ ಹೋಗಬಾರದೆಂದು 821ರ ಮಿತಿಯನ್ನೂ ಹಾಕಿದ್ದೆ, ಅಂದರೆ 822 ಮುಟ್ಟಿದರೆ ಮಾರು, ಆದರೆ 821ಕ್ಕಿಂತ ಕಡಿಮೆಗೆ ಬೇಡ.

ಎದುರಿನ ಬೇಕರಿಯ ಟಿ.ವಿ.ಯಲ್ಲಿ ಎಣಿಕೆಯ ಅಂಕಿಗಳು ಬದಲಾಗುತ್ತಿದ್ದವು. ಬನ್ನು ತಿನ್ನುತ್ತಿದ್ದವರೆಲ್ಲ ಒಮ್ಮೆ ಓಹೋ ಎಂದರು. ನಾನು ತಲೆ ಎತ್ತಿ ಟಿ.ವಿ. ಕಡೆ ನೋಡಿ ತಲೆ ತಗ್ಗಿಸುವಷ್ಟರಲ್ಲಿ ಬೆಲೆ 822ನ್ನು ದಾಟಿ 821ನ್ನೂ ದಾಟಿ ಎಲ್ಲಿಗೋ ಹೋಗಿತ್ತು. ಎಡಗಡೆಯ ಮೊಬೈಲ್: 822ಕ್ಕೆ ಮಾರಾಟ, ನಷ್ಟ 960. ಶಿಸ್ತಿನ ಸಿಪಾಯಿ. ಬಲಗಡೆಯಲ್ಲಿ ನನ್ನ ಆರ್ಡರ್ 821ರಲ್ಲಿ ಒಂಟಿಯಾಗಿ ನಿಂತಿತ್ತು, ಆ ಬೆಲೆಗೆ ಕೊಳ್ಳುವವರು ಒಬ್ಬರೂ ಇಲ್ಲ. 808. ಮೇಲೆ ಬಂದೀತು ಎಂದು ಕಾದೆ. 799. ಆರ್ಡರ್ ರದ್ದು ಮಾಡಲು ಹೋದರೆ ಪರದೆ ಕೆಲವು ಕ್ಷಣ ಸುತ್ತುತ್ತಲೇ ಇತ್ತು. ಕೊನೆಗೆ ಸಿಕ್ಕ ಬೆಲೆಗೆ ಮಾರಿದೆ: 789.40. ನಷ್ಟ 4,872. ಒಂದೇ ವಹಿವಾಟು, ಒಂದೇ ಸೂತ್ರ, ಎರಡು ಮೊಬೈಲ್‌ಗಳ ನಡುವೆ 3,912 ರೂಪಾಯಿ ವ್ಯತ್ಯಾಸ. ಮಿತಿ ಹಾಕಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಆ ತಪ್ಪಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ಮೂರು ತಿಂಗಳ ಅಭ್ಯಾಸದಲ್ಲಿ ಆ್ಯಪ್ ನನಗೆ ಒಮ್ಮೆಯೂ ತೋರಿಸಿರಲಿಲ್ಲ. ಅದರ ಲೋಕದಲ್ಲಿ ಸ್ಟಾಪ್‌ಲಾಸ್ ಯಾವಾಗಲೂ ಹಾಕಿದ ಬೆಲೆಗೇ ನಡೆಯುತ್ತದೆ.

ಆ ವಾರ ಸಿಟ್ಟಿನಿಂದ ಒಂದು ಪರೀಕ್ಷೆ ಮಾಡಿದೆ. ಯಾರೂ ಕೇಳದ ಒಂದು ಸಣ್ಣ ಕಂಪನಿಯ ಷೇರನ್ನು ಬ್ರೋಕರ್ ಖಾತೆಯಲ್ಲಿ ತೆರೆದು ನೋಡಿದೆ. ಮಾರಲು ಸಿದ್ಧರಿದ್ದವರ ಐದು ಸಾಲುಗಳನ್ನೂ ಕೂಡಿಸಿದರೆ 1,340 ಷೇರು. ಅಣಕು ಆ್ಯಪ್‌ನಲ್ಲಿ 20,000 ಷೇರುಗಳಿಗೆ ಆರ್ಡರ್ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ‘ಆರ್ಡರ್ ಪೂರ್ಣ’, ಅಷ್ಟೂ ಒಂದೇ ಬೆಲೆಗೆ. ಉಳಿದ 18,660 ಷೇರುಗಳನ್ನು ಆ ಬೆಲೆಗೆ ಯಾರು ಮಾರಿದರು? ಇನ್ನೊಂದು ದಿನ ಕೆಳ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಮಿತಿ) ಮುಟ್ಟಿ, ಕೊಳ್ಳುವವರೇ ಇಲ್ಲದೆ ನಿಂತಿದ್ದ ಷೇರನ್ನು ಮಾರಲು ಹೇಳಿದೆ. ಅದನ್ನೂ ಮಾರಿಕೊಟ್ಟಿತು. ನಿಜದಲ್ಲಾದರೆ ಅಂದು ಕೊಂಡ ಆ ಷೇರು ಮಾರಾಟವಾಗದೆ ನಮ್ಮ ಖಾತೆಯಲ್ಲಿಯೇ ಉಳಿಯುತ್ತದೆ, ಪೂರ್ತಿ ಹಣ ಹೊಂದಿಸಬೇಕಾಗುತ್ತದೆ. ಮೊದಲು ಮಾರಿ ಆಮೇಲೆ ಕೊಳ್ಳುವವನು ಮೇಲಿನ ಸರ್ಕ್ಯೂಟ್‌ನಲ್ಲಿ ಸಿಕ್ಕಿಬಿದ್ದರೆ ವಿನಿಮಯ ಕೇಂದ್ರದ ಹರಾಜಿನಲ್ಲಿ ಕೊಂಡು ಒಪ್ಪಿಸಬೇಕು. ಆ ಕಷ್ಟ ಇನ್ನೂ ದೊಡ್ಡದು. ಕಡಿಮೆ ವಹಿವಾಟಿನ ಷೇರುಗಳಲ್ಲಿ ಅಣಕು ಲಾಭ ತೋರಿಸುವವರನ್ನು ಅಂದಿನಿಂದ ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟೆ.

‘ಜಾರಿದ್ದು’ ಒಟ್ಟು 8,300.

ಉಳಿದದ್ದು 9,450. ನಾಲ್ಕರಲ್ಲಿ ದೊಡ್ಡ ಮೊತ್ತ. ಕಾಲಂನ ಹೆಸರು ‘ಕೈ’, ಅಂದರೆ ನನ್ನ ಕೈ. 23 ಸಲ ಬಲಗಡೆಯ ಮೊಬೈಲ್‌ನಲ್ಲಿ ನಾನು ಸೂತ್ರ ಬಿಟ್ಟು ನಡೆದುಕೊಂಡಿದ್ದೆ. 310 ರೂಪಾಯಿ ಲಾಭ ಕಂಡ ಕೂಡಲೇ, ಸಾಕು, ಇವತ್ತಿನ ಕಾಫಿ ತಿಂಡಿಗಾಯಿತು ಎಂದು ಮಾರಿದೆ. ಅರ್ಧ ಗಂಟೆಯ ನಂತರ ಎಡಗಡೆಯವನು ಅದೇ ಷೇರಿನಲ್ಲಿ 990 ಮಾಡಿಕೊಂಡ. ನಷ್ಟವಾಗುತ್ತಿದ್ದಾಗ ಮಾತ್ರ ಸ್ಟಾಪ್‌ಲಾಸ್ ಅನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಸರಿಸಿದೆ. ಎಡಗಡೆಯ ಖಾತೆಯನ್ನು ಮೂರು ತಿಂಗಳಿನಲ್ಲಿ ಒಮ್ಮೆಯೂ ಹೀಗೆ ಮುಟ್ಟಿರಲಿಲ್ಲ. ಮುಟ್ಟಬೇಕು ಅನಿಸಿಯೇ ಇರಲಿಲ್ಲ. ಭಯ ನಿಯಂತ್ರಿಸುವ ಉಪಾಯಗಳನ್ನು ಹೇಳುವ ವಿಡಿಯೊಗಳು ಬೇಕಾದಷ್ಟಿವೆ, ನೋಡಿದ್ದೇನೆ. ಆರಂಭದಲ್ಲಿ ಎರಡು ಸಲ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎನ್ನುತ್ತಾರೆ. ಆಗ ಉಸಿರು ಎಲ್ಲಿರುತ್ತದೆ ಎಂದು ಅವರೇ ಹೇಳಬೇಕು.

ಜೂನ್ ಕೊನೆಯ ವಾರ ನಡೆದದ್ದನ್ನು ಇಲ್ಲಿ ಬರೆಯಲೋ ಬೇಡವೋ ಎಂದು ಯೋಚಿಸಿದೆ. ನಿವೃತ್ತ ಶಿಕ್ಷಕಿಯೊಬ್ಬರು ಎಂಟು ವರ್ಷದಿಂದ ನಮ್ಮಲ್ಲಿಯೇ ಮಾತ್ರೆ ಕೊಳ್ಳುವವರು. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ, ತಿಂಗಳಿಗೆ ಮೂವತ್ತು. ಚೀಟಿ ನೋಡುವ ಅಗತ್ಯವೇ ಇಲ್ಲ, ಅವರ ಮುಖ ನೋಡಿದರೆ ಕೈ ತಾನಾಗಿ ಆ ಖಾನೆಗೆ ಹೋಗುತ್ತದೆ. ಅಂದು ಬಲಗಡೆಯ ಮೊಬೈಲ್‌ನಲ್ಲಿ ಬೆಲೆ ಸ್ಟಾಪ್‌ಲಾಸ್‌ನ ಹತ್ತಿರ ಆಡುತ್ತಿತ್ತು. ಒಂದು ಕಣ್ಣು ಅದರ ಮೇಲಿಟ್ಟು ಸ್ಟ್ರಿಪ್‌ಗಳನ್ನು ತೆಗೆದು ಕವರಿಗೆ ಹಾಕಿ ಕೊಟ್ಟೆ. ಅವರು ಮೆಟ್ಟಿಲಿಳಿದು ನಿಂತು, ಕನ್ನಡಕ ಹಣೆಗೇರಿಸಿ, ಸ್ಟ್ರಿಪ್ ಅನ್ನು ತೋಳಿನುದ್ದ ದೂರ ಹಿಡಿದು ಓದಿದರು. ವಾಪಸು ಬಂದು ಮೆಲ್ಲಗೆ ಹೇಳಿದರು: ‘ಇದರಲ್ಲಿ 80 ಎಂದಿದೆಯಲ್ಲಪ್ಪ. ಡಾಕ್ಟರು ಹೆಚ್ಚು ಮಾಡಿದ್ದಾರೆಯೇ?’

ಬದಲಾಯಿಸಿ ಕೊಟ್ಟೆ, ಕ್ಷಮೆ ಕೇಳಿದೆ. ಅವರು ಹೋದ ಮೇಲೆ ನೋಡಿದರೆ ಸ್ಟಾಪ್‌ಲಾಸ್ ಮುಟ್ಟಿ ವಹಿವಾಟು ಮುಗಿದಿತ್ತು, 520 ರೂಪಾಯಿ ನಷ್ಟ. ಅದನ್ನು ನೋಟ್‌ಬುಕ್‌ನಲ್ಲಿ ಬರೆದೆ. ಆ ವಾರ ಮುಗಿದ ಮೇಲೆ ಬ್ರೋಕರ್ ಖಾತೆಯಲ್ಲಿ ಉಳಿದಿದ್ದ ಹಣವನ್ನು ಬ್ಯಾಂಕಿಗೆ ವಾಪಸು ಕಳುಹಿಸಿದೆ.

ನನ್ನದೊಬ್ಬನದೇ ಕಥೆಯಲ್ಲ ಎಂದು ಮುಂದಿನ ತಿಂಗಳೇ ಗೊತ್ತಾಯಿತು. 2024ರ ಜುಲೈನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದರು; ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಶೇ 80. ನನ್ನ ‘ಕೂಲಿ’ ಕಾಲಂಗೆ ಹೊಂದುವ ಒಂದು ಅಂಕಿಯೂ ಅದರಲ್ಲಿದೆ: ಸೋತವರು ತಮ್ಮ ನಷ್ಟದ ಶೇ 57ರಷ್ಟನ್ನು ವಹಿವಾಟಿನ ಖರ್ಚೆಂದು ಅದರ ಮೇಲೆ ಮತ್ತೆ ತೆತ್ತಿದ್ದರು. ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡಿಕೊಳ್ಳುವ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನ ಕಥೆ ಇನ್ನೂ ಘೋರ. ಆ ವರ್ಷದ ಸೆಪ್ಟೆಂಬರ್‌ನ ಅಧ್ಯಯನದಂತೆ ಮೂರು ವರ್ಷಗಳಲ್ಲಿ ಶೇ 93 ಮಂದಿ ಸೋತು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ನಮ್ಮ ಆಡಿಟರ್ ಇನ್ನೊಂದು ಸಮಾಚಾರ ಕೊಟ್ಟರು: ಇಂಟ್ರಾಡೇ ನಷ್ಟ ಆದಾಯ ತೆರಿಗೆಯ ಲೆಕ್ಕದಲ್ಲಿ ಸಟ್ಟಾ ವ್ಯವಹಾರದ ನಷ್ಟ, ಅಂಗಡಿಯ ಲಾಭದಲ್ಲಿ ಕಳೆಯುವಂತಿಲ್ಲ, ನಾಲ್ಕು ವರ್ಷದೊಳಗೆ ಅಂಥದ್ದೇ ಲಾಭ ಬಂದರೆ ಮಾತ್ರ ಅದರಲ್ಲಿ ಕಳೆಯಬಹುದು. ಅವರು ಇದನ್ನು ಹೇಳುವಾಗ ನಕ್ಕರು. ಅದಕ್ಕೂ ಶುಲ್ಕ ಹಾಕಿದರೋ ಏನೋ, ಬಿಲ್ ಇನ್ನೂ ನೋಡಿಲ್ಲ.

ಈಗ ಈ ಆ್ಯಪ್ ತೆಗೆದುಕೊಳ್ಳಲು ಯೋಚಿಸುತ್ತಿರುವವರಿಗೆ ಒಂದು ಮುಖ್ಯ ವಿಷಯ. ನಾನು ಹೇಳಿದ ಎಡಗಡೆಯ ಮೊಬೈಲ್‌ನ ಆಟ, ಅಂದರೆ ಪೇಟೆ ನಡೆಯುತ್ತಿರುವಾಗಲೇ ಅದೇ ಬೆಲೆಗೆ ಅಣಕು ವಹಿವಾಟು, ಈಗ ಅದರಲ್ಲಿ ಇಲ್ಲ. 2024ರ ಮೇ ತಿಂಗಳಿನ ಸುತ್ತೋಲೆಯಲ್ಲಿ ಸೆಬಿ, ತತ್‌ಕ್ಷಣದ ಬೆಲೆಗಳನ್ನು ಇಂಥ ಅಣಕು ವಹಿವಾಟಿನ, ಫ್ಯಾಂಟಸಿ ಆಟಗಳ ವೇದಿಕೆಗಳಿಗೆ ಕೊಡಬಾರದೆಂದೂ, ಶಿಕ್ಷಣಕ್ಕಾದರೆ ಒಂದು ದಿನ ಹಳೆಯದಾದ ಬೆಲೆ ಕೊಡಬಹುದೆಂದೂ ಹೇಳಿತು. ನವೆಂಬರ್‌ನಲ್ಲಿ ನೋಂದಣಿಯಿಲ್ಲದ ಅಣಕು ವಹಿವಾಟಿನ ವೇದಿಕೆಗಳ ಬಗ್ಗೆ ಹೂಡಿಕೆದಾರರಿಗೆ ನೇರ ಎಚ್ಚರಿಕೆ ಕೊಟ್ಟಿತು. 2025ರ ಜನವರಿಯಲ್ಲಿ, ನಾವು ಬರೀ ಪಾಠ ಹೇಳುವವರು ಎನ್ನುವವರು ಮೂರು ತಿಂಗಳ ಹಿಂದಿನ ಬೆಲೆಗಳನ್ನೇ ಬಳಸಬೇಕು ಎಂದಿತು. ನನ್ನ ಆ್ಯಪ್ 2024ರ ಜುಲೈ ಹೊತ್ತಿಗೇ ಆ ವಿಭಾಗ ಮುಚ್ಚಿ, ಹಳೆಯ ದಿನಗಳನ್ನು ಓಡಿಸುವುದನ್ನು ಮಾತ್ರ ಉಳಿಸಿಕೊಂಡಿತು. ಚಂದಾದ ಉಳಿದ ಭಾಗ ವಾಪಸು ಕೇಳಿದೆ, ಕೊಡಲಿಲ್ಲ. ಇಂದಿಗೂ ಇದೇ ಬೆಲೆಯಲ್ಲಿ ಈಗಲೇ ಆಡಿ ಎನ್ನುವ ಆ್ಯಪ್ ಕಂಡರೆ, ಬೆಲೆಗಳನ್ನು ಎಲ್ಲಿಂದ ತರುತ್ತಿದ್ದೀರಿ, ನೋಂದಣಿ ಇದೆಯೇ ಎಂದು ಮೊದಲು ಕೇಳಿ.

ಹಳೆಯ ದಿನಗಳನ್ನು ಓಡಿಸುವ ವಿಭಾಗ ಮಾತ್ರ ನನಗೆ ಈಗಲೂ ಇಷ್ಟ. ಜೂನ್ 4ನ್ನು ಅದರಲ್ಲಿ ನಾಲ್ಕು ಸಲ ಓಡಿಸಿದ್ದೇನೆ. ನಾಲ್ಕು ಸಲವೂ ಸ್ಟಾಪ್‌ಲಾಸ್ 822ಕ್ಕೇ ನಡೆಯಿತು, ಸುಧಾರಣೆಯೇನಿಲ್ಲ. ಆದರೆ ಗುಂಡಿಗಳನ್ನು ಕಲಿಯುವುದಕ್ಕೆ, ಲಿಮಿಟ್ ಆರ್ಡರ್ ಮತ್ತು ಸಿಕ್ಕ ಬೆಲೆಗೆ ನಡೆಯುವ ಮಾರ್ಕೆಟ್ ಆರ್ಡರ್ ನಡುವಿನ ವ್ಯತ್ಯಾಸ ಅರಿಯುವುದಕ್ಕೆ, ಷೇರುಗಳ ಸಂಖ್ಯೆ ಹಾಕುವ ಜಾಗದಲ್ಲಿ ರೂಪಾಯಿ ಹಾಕುವ ಅನಾಹುತವನ್ನು ಪುಕ್ಕಟೆಯಾಗಿ ಮಾಡಿ ಮುಗಿಸುವುದಕ್ಕೆ ಇದು ಬಹಳ ಒಳ್ಳೆಯದು. ಅದರಲ್ಲಿ ಸೋತ ಸೂತ್ರವನ್ನು ಎಸೆಯಿರಿ, ಆ ತೀರ್ಪನ್ನು ನಂಬಬಹುದು. ಗೆದ್ದದ್ದನ್ನು ನಂಬುವ ಮೊದಲು ಪ್ರತಿ ವಹಿವಾಟಿಗೆ ಖರ್ಚು ಕಳೆಯಿರಿ, ಜಾರುವುದಕ್ಕೆ ಇನ್ನೊಂದಿಷ್ಟು ಕಳೆಯಿರಿ, ಬರೀ ಮುಟ್ಟಿ ಮೇಲೇರಿದವುಗಳನ್ನು ಸಿಗಲಿಲ್ಲವೆಂದೇ ಬರೆದುಕೊಳ್ಳಿ. ನನ್ನ 118ಕ್ಕೆ ಆಮೇಲೆ ಹೀಗೆ ಲೆಕ್ಕ ಹಾಕಿದೆ: 31,400ರಲ್ಲಿ ಖರ್ಚೇ ಸುಮಾರು 9,800, ಜಾರುವುದು 8,000 ಹತ್ತಿರ, ಸಿಗದವು ಎಷ್ಟೋ. ಉಳಿದ ಚೂರಿಗೆ ‘ಕೈ’ ಇನ್ನೂ ತಗುಲಿಯೇ ಇಲ್ಲ. ಏಪ್ರಿಲ್‌ನಲ್ಲಿ ಈ ಲೆಕ್ಕಕ್ಕೆ ಅರ್ಧ ಗಂಟೆ ಸಾಕಾಗುತ್ತಿತ್ತು. ಎರಡೂವರೆ ನಕ್ಷತ್ರ ಕೊಡುತ್ತೇನೆ; ಅರ್ಧ ಆ ಸಭ್ಯವಾದ ಇ-ಮೇಲ್‌ಗೆ.

ಚಂದಾ ಮುಗಿಯುವ ವಾರ ಸಂದೇಶ ಬಂತು. ಈ ಸಲ ದರ 3,499. ಜೊತೆಗೆ, ನಿಮ್ಮ 10,43,200 ರೂಪಾಯಿ ನಿಮಗಾಗಿ ಕಾಯುತ್ತಿದೆ ಎಂದೂ ಬರೆದಿದ್ದರು. ಹಾಗಾದರೆ ಚಂದಾ ಹಣವನ್ನು ಅದರಲ್ಲಿಯೇ ಹಿಡಿದುಕೊಳ್ಳಿ ಎಂದು ಉತ್ತರ ಬರೆದೆ. ಇದಕ್ಕೆ ಮಾತ್ರ ಎರಡು ದಿನದಲ್ಲಿ ಮರು ಉತ್ತರ ಬರಲಿಲ್ಲ.